ಗುಡಾರದ ಸಂಸಾರ

ಮಾರ್ಟಿನ್ ರೂಟರ್ ಸಬೀನ್ ನದಿ ದಾಟಿ ಟೆಕ್ಸಾಸಿಗೆ ಕಾಲಿಟ್ಟದ್ದು 1837ರ ನವೆಂಬರಿನಲ್ಲಿ. ವಯಸ್ಸು 52. ಪೆನ್ಸಿಲ್ವೇನಿಯಾದ ಕಾಲೇಜೊಂದರ ಅಧ್ಯಕ್ಷಗಿರಿ ಬಿಟ್ಟು, ಹೆಂಡತಿ ಮಕ್ಕಳನ್ನು ಇಂಡಿಯಾನಾದ ನ್ಯೂ ಆಲ್ಬನಿಯಲ್ಲಿ ಇಳಿಸಿ ಹೊರಟುಬಂದಿದ್ದ ಮೆಥಡಿಸ್ಟ್ ಬೋಧಕ. ಟೆಕ್ಸಾಸ್ ಆಗಿನ್ನೂ ಅಮೆರಿಕದ ರಾಜ್ಯವಲ್ಲ. ಹಿಂದಿನ ವರ್ಷವಷ್ಟೇ ಮೆಕ್ಸಿಕೋದ ಕೈಯಿಂದ ಬಿಡಿಸಿಕೊಂಡ ಸ್ವತಂತ್ರ ಗಣರಾಜ್ಯ. ರಸ್ತೆ ಎಂಬುದಿಲ್ಲ, ಹೊಳೆಗಳಿಗೆ ಸೇತುವೆ ಇಲ್ಲ. ಆರು ತಿಂಗಳಲ್ಲಿ ಕುದುರೆಯ ಮೇಲೆ ಸುಮಾರು ಎರಡು ಸಾವಿರ ಮೈಲಿ ಸುತ್ತಿದ ಎನ್ನುತ್ತಾರೆ. 1838ರ ಮೇ 16ರಂದು ಬ್ರಾಜೋಸ್ ನದಿಯ ದಡದ ವಾಷಿಂಗ್ಟನ್ ಎಂಬ ಪುಟ್ಟ ಊರಿನಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಹೆಂಡತಿ ಮಕ್ಕಳು ಟೆಕ್ಸಾಸನ್ನು ಕಂಡವರೇ ಅಲ್ಲ.

ಅವನಿಗಿಂತ ತುಸು ಮೊದಲು ಬಂದಿದ್ದ ಇನ್ನೊಬ್ಬ ಮೆಥಡಿಸ್ಟ್ ಬೋಧಕ ಲಿಟಲ್‌ಟನ್ ಫೌಲರ್ ಇನ್ನೂ ಮದುವೆಯಾಗದವನು. ಗಣರಾಜ್ಯದ ರಾಜಧಾನಿಯಾಗಿದ್ದ ಹ್ಯೂಸ್ಟನ್ನಿನಲ್ಲಿ ಸೆನೆಟ್ಟಿನ ಪ್ರಾರ್ಥನೆ ನಡೆಸುವ ಕೆಲಸ ಅವನಿಗೆ ಸಿಕ್ಕಿತು. 1838ರ ಜೂನ್‌ನಲ್ಲಿ ನ್ಯಾಕಡೋಚಸ್ ಊರಿನ ಮಿಸ್ಸೂರಿ ಪೋರ್ಟರ್ ಎಂಬ ವಿಧವೆಯನ್ನು ಮದುವೆಯಾದ. ಅಮೆರಿಕದ ಮೆಥಡಿಸ್ಟರ ಹಿರಿಯ ಬಿಷಪ್ ಫ್ರಾನ್ಸಿಸ್ ಆಸ್‌ಬರಿ ತಾನೂ ಬ್ರಹ್ಮಚಾರಿಯಾಗಿ ಉಳಿದು, ಸಂಚಾರಿ ಬೋಧಕನಿಗೆ ಸಂಸಾರ ಕಾಲಿಗೆ ಕಟ್ಟಿದ ಕಲ್ಲು ಎಂದುಕೊಂಡಿದ್ದ ಮನುಷ್ಯ. ಅವನ ಕಾಲ ಮುಗಿದ ಮೇಲೆ ಭತ್ಯೆ ಏರಿತು: ಸಂಚಾರಿ ಬೋಧಕನಿಗೆ ವರ್ಷಕ್ಕೆ ನೂರು ಡಾಲರ್, ಹೆಂಡತಿಯಿದ್ದರೆ ಅವಳಿಗೂ ನೂರು. ಪುಸ್ತಕದಲ್ಲಿದ್ದ ಈ ನೂರು ಕೈಗೆ ಪೂರಾ ಬಂದದ್ದು ಅಪರೂಪ. ಹೆಂಡತಿಯ ಲೆಕ್ಕಕ್ಕೆ ಬರೆದ ದುಡ್ಡು ಅವಳು ಮನೆಯಲ್ಲಿರುವುದಕ್ಕೆ, ದಾರಿಯಲ್ಲಿರುವುದಕ್ಕಲ್ಲ. ಫೌಲರ್ 1846ರ ಜನವರಿಯಲ್ಲಿ ಸತ್ತ. ಮಿಸ್ಸೂರಿ ಮೂರು ವರ್ಷದ ಮೇಲೆ ಇನ್ನೊಬ್ಬ ಬೋಧಕನನ್ನೇ ಮದುವೆಯಾದಳು. ಈ ಬದುಕು ಹೇಗಿರುತ್ತದೆಂದು ಗೊತ್ತಿದ್ದೂ ಮತ್ತೆ ಆರಿಸಿಕೊಂಡಳೆನ್ನುವುದು ಸಣ್ಣ ಸಂಗತಿಯಲ್ಲ.

ರಾಜಧಾನಿ 1839ರಲ್ಲಿ ಆಸ್ಟಿನ್ನಿಗೆ ಹೋಯಿತು. ಮರುವರ್ಷ ಜಾನ್ ಹೇನಿ ಎಂಬ ವಯಸ್ಸಾದ ಮೆಥಡಿಸ್ಟ್ ಬೋಧಕ ಅಲ್ಲಿಗೆ ನೇಮಕವಾಗಿ ಬಂದ. ಆದರೆ ನಾನು ಹೇಳಹೊರಟ ಸಂಚಾರಿ ಬೋಧಕ ದಂಪತಿಗಳ ಕತೆಯಲ್ಲಿ ಆಸ್ಟಿನ್ನಿನ ಪಾತ್ರ ಸಣ್ಣದು. ಅದು ಸರಕಾರದ ಊರು, ಆಮೇಲೆ ವಿಶ್ವವಿದ್ಯಾಲಯದ ಊರು. ಊರೂರಲ್ಲಿ ಗುಡಾರ ಹಾಕಿ ಬೋಧಿಸುವವರಿಗೆ ಬೇಕಾದದ್ದು ಹತ್ತಿ ಗಿರಣಿ, ರೈಲು ಜಂಕ್ಷನ್, ಎಣ್ಣೆ ಬಾವಿ, ಕೂಲಿ ಜನ. ಅವೆಲ್ಲ ಇದ್ದದ್ದು ಹ್ಯೂಸ್ಟನ್ನಿನ ಕಡೆ, ಡಲ್ಲಾಸಿನ ಕಡೆ.

ಹೆಂಡತಿಯನ್ನು ದಾರಿಗೆ ತಂದದ್ದು ರೈಲು. ಹ್ಯೂಸ್ಟನ್ನಿನಿಂದ ಹೊರಟ ಟೆಕ್ಸಾಸ್ ಸೆಂಟ್ರಲ್ ಹಳಿ 1871ರ ಕ್ರಿಸ್‌ಮಸ್ ದಿನ ಆಸ್ಟಿನ್ ಮುಟ್ಟಿತು, 1872ರ ಜುಲೈನಲ್ಲಿ ಡಲ್ಲಾಸ್ ಮುಟ್ಟಿತು. ಕುದುರೆಯ ಬೆನ್ನ ಮೇಲೆ ಒಬ್ಬ ಗಂಡಸು, ಒಂದು ಜೊತೆ ಚರ್ಮದ ಚೀಲ, ಅಷ್ಟಕ್ಕೇ ಜಾಗ. ರೈಲಿನಲ್ಲಾದರೆ ಹೆಂಡತಿ, ಮಕ್ಕಳು, ಪೆಟ್ಟಿಗೆ, ಮಡಿಸುವ ಹಾರ್ಮೋನಿಯಮ್, ಸುತ್ತಿ ಕಟ್ಟಿದ ಕ್ಯಾನ್ವಾಸ್ ಗುಡಾರ, ಕಂಬ, ಹಗ್ಗ, ಗೂಟ ಎಲ್ಲವೂ ಸಾಗುತ್ತವೆ. ನಮ್ಮ ಕಡೆ ಗುಬ್ಬಿ ಕಂಪೆನಿ ಪರದೆ, ಪೆಟಾರಿ, ಬಾಣಂತಿ, ತೊಟ್ಟಿಲು ಸಮೇತ ಊರಿಂದ ಊರಿಗೆ ಕ್ಯಾಂಪು ಎತ್ತುತ್ತಿತ್ತಲ್ಲ, ಅದೇ ಬಗೆಯ ಸಂಸಾರ ಟೆಕ್ಸಾಸಿನಲ್ಲಿಯೂ ಶುರುವಾಯಿತು. ಕಂಪೆನಿಗೆ ಗೇಟ್ ಕಲೆಕ್ಷನ್ ಇತ್ತು. ಇವರಿಗೆ ಇದ್ದದ್ದು ಕಾಣಿಕೆ ತಟ್ಟೆ. ಕೆಲವರು ಅದನ್ನೂ ಹಿಡಿಯಲೊಲ್ಲರು.

ಹಾಗೆ ಒಲ್ಲದವರಲ್ಲಿ ಚಾರ್ಲ್ಸ್ ಫಾಕ್ಸ್ ಪಾರ್ಹಮ್ ಒಬ್ಬ. ಅಯೋವಾದಲ್ಲಿ 1873ರಲ್ಲಿ ಹುಟ್ಟಿದವನು. ಚಿಕ್ಕಂದಿನ ವಾತಜ್ವರ ಅವನನ್ನು ಸಾಯುವವರೆಗೂ ಕಾಡಿತು. 1896ರ ಡಿಸೆಂಬರ್ 31ರಂದು ಕ್ಯಾನ್ಸಸ್‌ನಲ್ಲಿ ಕ್ವೇಕರ್ ಮನೆತನದ ಸಾರಾ ಥಿಸಲ್‌ತ್‌ವೇಟ್‌ಳನ್ನು ಮದುವೆಯಾದ. ದೇವರು ಮುಟ್ಟಿ ರೋಗ ವಾಸಿಮಾಡುತ್ತಾನೆ, ಪವಿತ್ರಾತ್ಮ ಇಳಿದಾಗ ಮನುಷ್ಯ ಕಲಿಯದ ಭಾಷೆ ಆಡುತ್ತಾನೆ – ಇವು ಪಾರ್ಹಮ್ ಹಿಡಿದ ಎರಡು ಪಟ್ಟು. 1901ರ ಜನವರಿ 1ರಂದು ಟೊಪೀಕಾದ ಅವನ ಶಾಲೆಯಲ್ಲಿ ಆಗ್ನೆಸ್ ಓಜ್‌ಮನ್ ಎಂಬ ವಿದ್ಯಾರ್ಥಿನಿ ಅನ್ಯಭಾಷೆ ಆಡಿದಳು; ಇವನ್ನೇ ನಂಬುವ ಪೆಂತೆಕೋಸ್ತ ಪಂಗಡದವರು ತಮ್ಮ ಚರಿತ್ರೆಯನ್ನು ಅಲ್ಲಿಂದ ಎಣಿಸುತ್ತಾರೆ. ಎರಡು ತಿಂಗಳು ಕಳೆದು ಮಾರ್ಚಿನಲ್ಲಿ ಗಂಡ ಹೆಂಡತಿ ತಮ್ಮ ಒಂದು ವರ್ಷದ ಮಗುವನ್ನು ಕಳೆದುಕೊಂಡರು. ಶಾಲೆ ಒಡೆಯಿತು, ಮನೆ ಹೋಯಿತು, ದಾರಿ ಉಳಿಯಿತು.

1905ರ ವಸಂತದಲ್ಲಿ ಪಾರ್ಹಮ್ ಹ್ಯೂಸ್ಟನ್ನಿಗೆ ಹತ್ತಿರದ ಆರ್ಚರ್ಡ್ ಎಂಬ ಹಳ್ಳಿಗೆ ಬಂದ. ಕರೆದದ್ದು ಕೂಡ ಒಂದು ದಂಪತಿಯೇ, ಕ್ಯಾನ್ಸಸ್‌ನಲ್ಲಿ ಅವನ ಕೂಟ ಕಂಡಿದ್ದ ಆಯ್ಲರ್ ಗಂಡಹೆಂಡಿರು. ಜುಲೈನಲ್ಲಿ ಸುಮಾರು 25 ಮಂದಿ ಸಹಾಯಕರನ್ನು ಕಟ್ಟಿಕೊಂಡು ಹ್ಯೂಸ್ಟನ್ನಿನ ಬ್ರಯನ್ ಹಾಲ್ ಹಿಡಿದ. ಜನ ಸೇರಿಸುವುದಕ್ಕೆ ಅವನಲ್ಲಿ ಒಂದು ಉಪಾಯವಿತ್ತು: ಪ್ಯಾಲೆಸ್ಟೈನ್ ದೇಶದ ನಿಲುವಂಗಿ ಮುಂಡಾಸುಗಳ ಒಂದು ಕಟ್ಟು. ಟೆಕ್ಸಾಸಿನ ಬಿಸಿಲಲ್ಲಿ ಸಹಾಯಕರು ಅವನ್ನು ತೊಟ್ಟು ಬೀದಿಗೆ ಇಳಿಯುತ್ತಿದ್ದರು. ವಕೀಲರೊಬ್ಬರ ಹೆಂಡತಿ, ಟ್ರಾಮ್ ಅಪಘಾತದಲ್ಲಿ ಪೆಟ್ಟು ತಿಂದು ಚಕ್ರದ ಕುರ್ಚಿ ಹಿಡಿದಿದ್ದ ಡೆಲೇನಿ ಎಂಬಾಕೆ, ಕೂಟದಲ್ಲಿ ಎದ್ದು ನಡೆದಳೆಂಬ ಸುದ್ದಿ ಪತ್ರಿಕೆಗೂ ಹೋಯಿತು. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆ ಸುದ್ದಿಯಿಂದ ಊರು ತುಂಬಿ ಬಂತು ಎನ್ನುವುದು ಮಾತ್ರ ನಿಜ.

ಇದೆಲ್ಲ ನಮಗೆ ಗೊತ್ತಿರುವುದು ಹೇಗೆ? ಬಹುಪಾಲು ಸಾರಾಳಿಂದ. ಪಾರ್ಹಮ್ 1929ರ ಜನವರಿಯಲ್ಲಿ ಸತ್ತ. ಮರುವರ್ಷ ಸಾರಾ ಅವನ ಜೀವನಚರಿತ್ರೆಯನ್ನು ದಪ್ಪ ಪುಸ್ತಕವಾಗಿ ತಂದಳು. ಕಾಗದ ಪತ್ರ, ಬೋಧನೆ, ಸಾಕ್ಷಿ ಹೇಳಿದವರ ಮಾತು ಎಲ್ಲವನ್ನೂ ಕೂಡಿಟ್ಟವಳು ಅವಳೇ. ಗಮನಿಸಬೇಕಾದ ವಿಷಯ ಇದು: ಟೆಕ್ಸಾಸಿನ ಈ ಸಂಚಾರಿ ಬೋಧಕರ ಬಗ್ಗೆ ಓದಲು ಹೋದರೆ ಕೈಗೆ ಸಿಗುವ ಮುಖ್ಯ ಪುಸ್ತಕಗಳಲ್ಲಿ ಹಲವು ಗಂಡನ ಹೆಸರಲ್ಲಿವೆ, ಹೆಂಡತಿಯ ಕೈಯಲ್ಲಿ ಬರೆದವು. ಪಾರ್ಹಮ್‌ನ ಹಿಂದೆ ಹಿಂದೆಯೇ ಆರ್ಚರ್ಡಿಗೆ ಬಂದ ಹೊವರ್ಡ್ ಗಾಸ್ ಎಂಬ ಗಣಿಯೂರಿನ ಹುಡುಗ ಮುಂದೆ ಟೆಕ್ಸಾಸಿನ ಕೆಲಸಕ್ಕೆಲ್ಲ ಮೇಲ್ವಿಚಾರಕನಾದ. ಅವನ ಮೊದಲ ಹೆಂಡತಿ ಮಿಲಿಸೆಂಟ್ ಸ್ವತಃ ಹೆಸರಾದ ಬೋಧಕಿ. ಮದುವೆಯಾದ ಕೆಲವೇ ವರ್ಷದಲ್ಲಿ ತೀರಿಕೊಂಡಳು. ಎರಡನೆಯ ಹೆಂಡತಿ ಎಥೆಲ್ ಅವನ ದಿನಚರಿಗಳನ್ನು ಮುಂದಿಟ್ಟುಕೊಂಡು 1958ರಲ್ಲಿ ಪುಸ್ತಕ ಬರೆದಳು. ಹೆಂಡತಿಯರು ಪ್ರೀತಿಯಿಂದ ಬರೆದಿದ್ದಾರೆ, ತಮ್ಮನ್ನು ಹಿಂದಕ್ಕೆ ಸರಿಸಿಕೊಂಡು ಬರೆದಿದ್ದಾರೆ, ಮುಜುಗರದ್ದನ್ನು ದಾಟಿಸಿ ಬರೆದಿದ್ದಾರೆ. 1907ರಲ್ಲಿ ಸ್ಯಾನ್ ಆಂಟೋನಿಯೋ ಪೊಲೀಸರು ಪಾರ್ಹಮ್‌ನನ್ನು ನಡತೆಯ ಆರೋಪದ ಮೇಲೆ ಹಿಡಿದು, ಆಮೇಲೆ ಕೇಸು ಕೈಬಿಟ್ಟ ಪ್ರಸಂಗ ಸಾರಾಳ ಪುಸ್ತಕದಲ್ಲಿ ಶತ್ರುಗಳ ಕಾಟದ ಮಾತಿನಲ್ಲಿ ಮುಗಿದುಹೋಗುತ್ತದೆ. ಸಂಗಾತಿಯ ಸಾಕ್ಷ್ಯವನ್ನು ಚರಿತ್ರೆಕಾರ ಬಳಸುವಾಗ ಈ ಎಚ್ಚರ ಬೇಕು. ಆದರೆ ಆ ಸಾಕ್ಷ್ಯವೂ ಇಲ್ಲದವರ ಗತಿ ಏನಾಗುತ್ತದೆ ಎಂಬುದಕ್ಕೆ ಹ್ಯೂಸ್ಟನ್ನಿನಲ್ಲೇ ಉದಾಹರಣೆಯಿದೆ.

ಲೂಸಿ ಫ್ಯಾರೋ. ವರ್ಜೀನಿಯಾದಲ್ಲಿ ಗುಲಾಮಗಿರಿಯೊಳಗೆ ಹುಟ್ಟಿದವಳು, ವಿಧವೆ, ಹ್ಯೂಸ್ಟನ್ನಿನ ಕರಿಯರ ಒಂದು ಸಣ್ಣ ಸಭೆಯ ಬೋಧಕಿ. 1905ರ ಬೇಸಿಗೆಯಲ್ಲಿ ಪಾರ್ಹಮ್‌ನ ಕೂಟಕ್ಕೆ ಬಂದಳು. ಆ ದಂಪತಿ ಕ್ಯಾನ್ಸಸ್‌ಗೆ ಮರಳುವಾಗ ಅವಳೂ ಜೊತೆಗೆ ಹೋದಳು – ಅವರ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ. ಸಭೆ ನಡೆಸುತ್ತಿದ್ದ ಹೆಂಗಸು ಬಿಳಿಯ ಬೋಧಕನ ಮನೆಯಲ್ಲಿ ಮಕ್ಕಳ ಬಟ್ಟೆ ತೊಡಿಸಲು ನಿಂತಳು. ಸಾರಾ ಕೂಟಗಳಲ್ಲಿ ಕೂರಬೇಕಾದರೆ, ಸಾರಾಳ ತಂಗಿ ಲಿಲಿಯನ್ ವೇದಿಕೆಯಲ್ಲಿ ಮಾತಾಡಬೇಕಾದರೆ, ಮಕ್ಕಳನ್ನು ಹಿಡಿಯುವವರು ಯಾರಾದರೂ ಬೇಕಲ್ಲ. ತಾನಿಲ್ಲದಾಗ ಸಭೆ ನೋಡಿಕೊಳ್ಳುವಂತೆ ಫ್ಯಾರೋ ಒಪ್ಪಿಸಿದ್ದು ವಿಲಿಯಂ ಸೆಮೋರ್ ಎಂಬ ಲೂಸಿಯಾನಾ ಮೂಲದ ಕರಿಯ ಬೋಧಕನಿಗೆ. ಕ್ಯಾನ್ಸಸ್‌ನಲ್ಲಿ ಅನ್ಯಭಾಷೆಯ ಅನುಭವ ಪಡೆದು ಮರಳಿದವಳೇ ಸೆಮೋರ್‌ನಿಗೆ ಅದನ್ನು ಹೇಳಿದಳು, ಪಾರ್ಹಮ್‌ನ ಬೈಬಲ್ ಶಾಲೆಗೆ ಹೋಗೆಂದು ಒತ್ತಾಯಿಸಿದಳು.

ಆ ಶಾಲೆ ಇದ್ದದ್ದು ರಸ್ಕ್ ಬೀದಿಯ 503ನೇ ನಂಬರಿನ ಮನೆಯಲ್ಲಿ. ಫೀಸು ಇಲ್ಲ, ಊಟ, ಬಾಡಿಗೆ ಎಲ್ಲ ದೇವರ ಮೇಲೆ ಭಾರ ಹಾಕಿ ಬಂದಷ್ಟರಲ್ಲಿ. ಹಗಲು ಪಾಠ, ಸಂಜೆ ಬೀದಿ ಕೂಟ. ಆದರೆ ಟೆಕ್ಸಾಸಿನಲ್ಲಿ ಬಿಳಿಯರೂ ಕರಿಯರೂ ಒಟ್ಟಿಗೆ ಕೂತು ಕಲಿಯುವಂತಿರಲಿಲ್ಲ. ಸೆಮೋರ್‌ನನ್ನು ಪಾರ್ಹಮ್ ಹೊರಗಟ್ಟಲೂ ಇಲ್ಲ, ಒಳಗೆ ಕೂರಿಸಲೂ ಇಲ್ಲ. ಹಜಾರದಲ್ಲಿ ಕುರ್ಚಿ ಹಾಕಿ, ಕೋಣೆಯ ಬಾಗಿಲನ್ನು ಅರೆ ತೆರೆದಿಟ್ಟ. ಒಂದು ಕಣ್ಣು ಸರಿಯಿಲ್ಲದ ಆ ಮೂವತ್ತೈದರ ಮನುಷ್ಯ ಕೆಲವು ವಾರ ಬಾಗಿಲ ಸಂದಿನಿಂದ ಪಾಠ ಕೇಳಿಸಿಕೊಂಡ. ಫ್ಯಾರೋಳ ಸಭೆಗೆ ಬಂದುಹೋಗಿದ್ದ ನೀಲಿ ಟೆರಿ ಎಂಬಾಕೆ ಲಾಸ್ ಏಂಜಲೀಸ್‌ನಲ್ಲಿ ಅವನ ಹೆಸರು ಹೇಳಿದ್ದರಿಂದ ಅಲ್ಲಿಂದ ಕರೆ ಬಂತು. 1906ರ ಆರಂಭದಲ್ಲಿ ರೈಲು ಹತ್ತಿ ಹೋದ. ಫ್ಯಾರೋ ಹಿಂದೆಯೇ ಹೋದಳು. ಏಪ್ರಿಲ್‌ನಲ್ಲಿ ಅಜುಸಾ ಬೀದಿಯ ಹಳೆಯ ಕಟ್ಟಡದಲ್ಲಿ ಶುರುವಾದ ಕೂಟದಿಂದ ಪೆಂತೆಕೋಸ್ತ ಬೋಧನೆ ಲೋಕದ ಉದ್ದಗಲಕ್ಕೂ ಹರಡಿತು. ಅಕ್ಟೋಬರಿನಲ್ಲಿ ಅದನ್ನು ನೋಡಲು ಬಂದ ಪಾರ್ಹಮ್‌ಗೆ ಕರಿಯರೂ ಬಿಳಿಯರೂ ಒಬ್ಬರ ಮೇಲೊಬ್ಬರು ಬಿದ್ದು ಪ್ರಾರ್ಥಿಸುವುದು ಸಹಿಸಲಾಗಲಿಲ್ಲ, ಬೈದು ಬಂದ. ಅವನ ಹಿಡಿತ ಅಲ್ಲಿಗೆ ಮುಗಿಯಿತು.

ಸೆಮೋರ್ 1908ರಲ್ಲಿ ಜೆನ್ನಿ ಇವಾನ್ಸ್ ಮೂರ್‌ಳನ್ನು ಮದುವೆಯಾದ. 1922ರಲ್ಲಿ ಅವನು ಸತ್ತ ಮೇಲೆ ಸಭೆಯನ್ನು ನಡೆಸಿದವಳು ಅವಳು. ಫ್ಯಾರೋ ಆಫ್ರಿಕದ ಲೈಬೀರಿಯಾಕ್ಕೂ ಹೋಗಿ ಬೋಧಿಸಿ ಬಂದಳು. ಅವಳ ಚರಿತ್ರೆ ಬರೆಯಲು ಹೆಂಡತಿ ಇರಲಿಲ್ಲ, ಗಂಡ ಇರಲಿಲ್ಲ. ಅವಳ ಬಗ್ಗೆ ಗೊತ್ತಿರುವುದೆಲ್ಲ ಬೇರೆಯವರ ಪುಸ್ತಕದ ಮೂಲೆಗಳಲ್ಲಿ, ಹಳೆಯ ಪತ್ರಿಕೆಗಳಲ್ಲಿ ಉಳಿದ ಚೂರುಪಾರು. ಪಾರ್ಹಮ್ ದಂಪತಿಯ ಮೂರನೆಯ ಸದಸ್ಯೆ ಅವಳೇ ಎಂದು ನನ್ನ ಲೆಕ್ಕ.

ಕನ್ನಡ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹ್ಯೂಸ್ಟನ್ನಿನ ಆ ಹಜಾರದಿಂದ ಲಾಸ್ ಏಂಜಲೀಸ್‌ಗೆ ಹೋದ ದಾರಿಯ ಒಂದು ಕವಲು ಬೆಂಗಳೂರಿಗೂ ಬಂದಿದೆ. ಅಜುಸಾದ ಕಾವು ಹತ್ತಿಸಿಕೊಂಡ ಜಾರ್ಜ್ ಬರ್ಗ್ ಎಂಬ ಬೋಧಕ ಮೊದಲು ಬಂದು ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡು ಕೇರಳದವರೆಗೆ ಸುತ್ತಿದ. 1913ರಲ್ಲಿ ರಾಬರ್ಟ್ ಕುಕ್ ಎಂಬ ಇನ್ನೊಬ್ಬ ತನ್ನ ಹೆಂಡತಿ ಆನಾ ಮತ್ತು ಹೆಣ್ಣುಮಕ್ಕಳೊಡನೆ ಬೆಂಗಳೂರಿಗೆ ಬಂದಿಳಿದ. ಯಾವ ಮಿಷನ್ನಿನ ಸಂಬಳವೂ ಇಲ್ಲ. ನಮಗೆ ಆವರೆಗೆ ಗೊತ್ತಿದ್ದ ಮಿಷನರಿ ಸಂಸಾರ ಬೇರೆ ಥರದ್ದು: ಮಂಗಳೂರು, ಧಾರವಾಡದ ಬಾಸೆಲ್ ಮಿಷನ್ನಿನವರಿಗೆ ಕಮಿಟಿಯ ಅಪ್ಪಣೆಯಿಲ್ಲದೆ ಮದುವೆಯೂ ಇಲ್ಲ, ಜರ್ಮನಿಯಿಂದ ಹಡಗಿನಲ್ಲಿ ಹೆಣ್ಣು ಬರಬೇಕು, ಮಿಷನ್ ಬಂಗಲೆ ಇರುತ್ತದೆ, ಲೆಕ್ಕಪತ್ರ ಇರುತ್ತದೆ. ಕಿಟ್ಟೆಲರ ಮೊದಲ ಹೆಂಡತಿ ಪೌಲೀನಾ 1864ರಲ್ಲಿ ತೀರಿಕೊಂಡ ಮೇಲೆ ಅವಳ ತಂಗಿ ಜೂಲಿಯೇ ಬಂದು ಆ ಸಂಸಾರ ಹಿಡಿದದ್ದೂ ಈ ಏರ್ಪಾಡಿನೊಳಗೇ. ಕುಕ್ ದಂಪತಿಗೆ ಕಮಿಟಿಯೂ ಇಲ್ಲ, ಬಂಗಲೆಯೂ ಇಲ್ಲ; ಟೆಕ್ಸಾಸಿನಲ್ಲಿ ಕಂಡ ಅದೇ ‘ಬಂದಷ್ಟರಲ್ಲಿ’ ಬದುಕು. 1917ರಲ್ಲಿ ಆನಾ ಇಲ್ಲೇ ತೀರಿಕೊಂಡಳು. ಕುಕ್ ಮುಂದೆ ಇಲ್ಲೇ ಇದ್ದ ಮಿಷನರಿ ಬರ್ತಾ ಫಾಕ್ಸ್‌ಳನ್ನು ಮದುವೆಯಾಗಿ ಕೇರಳ ಸೇರಿದ. ಅಲ್ಲಿ ಅವನ ಹೆಸರು ದೊಡ್ಡದು.

ಮತ್ತೆ ಟೆಕ್ಸಾಸಿಗೆ. 1910ರಲ್ಲಿ ಫ್ರೆಡ್ ಬಾಸ್‌ವರ್ತ್ ಎಂಬ ಬೋಧಕ ಹೆಂಡತಿ ಎಸ್ಟೆಲ್ಲಳೊಂದಿಗೆ ಡಲ್ಲಾಸ್‌ಗೆ ಬಂದ. ಕಾರ್ನೆಟ್ ಊದುವುದರಲ್ಲಿ ಗಟ್ಟಿಗ, ಹಿಂದೆ ಬ್ಯಾಂಡ್ ನಡೆಸಿದವನು. 1911ರ ಆಗಸ್ಟ್ 21ರಂದು ಅವನು ಡಲ್ಲಾಸಿನಿಂದ ತಾಯಿಗೆ ಬರೆದ ಕಾಗದ ಉಳಿದಿದೆ. ಡಲ್ಲಾಸ್‌–ಹ್ಯೂಸ್ಟನ್ ರೈಲು ದಾರಿಯ ಹರ್ನ್ ಎಂಬ ಊರಿನ ಹತ್ತಿರ ಕರಿಯರು ಶಿಬಿರ ಕೂಟ ನಡೆಸಿದ್ದರು. ಬಿಳಿಯರೂ ಬರತೊಡಗಿದ್ದರಿಂದ ಅವರಿಗೂ ಹೇಳಲೆಂದು ಬಾಸ್‌ವರ್ತ್‌ನನ್ನು ಕರೆಸಿದ್ದರು. ಬೋಧನೆ ಮುಗಿಸಿ ರೈಲಿಗೆ ಹೊರಟಾಗ ಬಿಳಿಯರ ಗುಂಪು ಅಡ್ಡಗಟ್ಟಿತು. ಕರಿಯರ ನಡುವೆ ಹೋಗಿ ಬೋಧಿಸಿದ್ದೇ ತಪ್ಪು. ನೆಲಕ್ಕೆ ಕೆಡವಿ ದೋಣಿಯ ಹುಟ್ಟುಗಳಿಂದ ಬಡಿದರು. ಎಡ ಮುಂಗೈ ಮುರಿಯಿತು. ಆ ಊರಲ್ಲಿ ರೈಲು ಹತ್ತಲೂ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಕಾಲ್ವರ್ಟ್ ತನಕ ಒಂಬತ್ತು ಮೈಲಿ ನಡೆದು, ಅಲ್ಲಿ ರೈಲು ಹಿಡಿದು ಡಲ್ಲಾಸ್ ಸೇರಿದ. ತಾಯಿಗೆ ಕಾಗದದಲ್ಲಿ ಬರೆಯಬೇಕಾದದ್ದನ್ನು ಎಸ್ಟೆಲ್ಲ ಕಣ್ಣಾರೆ ಕಂಡಳು. ಅವಳು 1919ರಲ್ಲಿ ತೀರಿಕೊಂಡಳು. ಅವಳು ಬರೆದದ್ದೇನೂ ಪುಸ್ತಕವಾಗಿಲ್ಲ.

ಪೆಟ್ಟು ತಿಂದ ಮರುವರ್ಷ ಬಾಸ್‌ವರ್ತ್ ಡಲ್ಲಾಸ್‌ಗೆ ಕರೆಸಿಕೊಂಡದ್ದು ಗಂಡು ಹೆಣ್ಣಿನ ಲೆಕ್ಕವನ್ನೇ ತಿರುಗಿಸಿದ ದಂಪತಿಯನ್ನು. ಮರಿಯಾ ವುಡ್‌ವರ್ತ್-ಎಟರ್ ಬೋಧಿಸುವವಳು, ಸ್ಯಾಮ್ಯುಯೆಲ್ ಎಟರ್ ಸಾಮಾನು ನೋಡಿಕೊಳ್ಳುವವನು. ಓಹಾಯೋದಲ್ಲಿ 1844ರಲ್ಲಿ ಹುಟ್ಟಿದ ಮರಿಯಾ ಆರು ಮಕ್ಕಳಲ್ಲಿ ಐವರನ್ನು ಮಣ್ಣಿಗೆ ಕೊಟ್ಟು, ನಡುಹರೆಯದಲ್ಲಿ ಬೋಧನೆಗೆ ಇಳಿದವಳು. 1889ರ ಹೊತ್ತಿಗೆ ಎಂಟು ಸಾವಿರ ಜನ ಕೂರುವ ಗುಡಾರ ಅವಳದಿತ್ತು. ಮೊದಲ ಗಂಡ ಫೈಲೋ ಅವಳ ಜೊತೆ ಸುತ್ತುತ್ತಾ ಶಿಬಿರದ ಬಯಲಲ್ಲಿ ಕಡಲೆಕಾಯಿ, ಮಿಠಾಯಿ, ಹೆಂಡತಿಯ ಫೋಟೋ ಮಾರುತ್ತಿದ್ದ. ಪತ್ರಿಕೆಯವರಿಗೆ ಅವನು ದಿನದ ತಮಾಷೆ. ವ್ಯಭಿಚಾರದ ಕಾರಣಕ್ಕೆ 1891ರಲ್ಲಿ ಅವಳು ಅವನನ್ನು ಬಿಟ್ಟಳು. ಸ್ಯಾಮ್ಯುಯೆಲ್‌ನನ್ನು ಕೈಹಿಡಿದದ್ದು 1902ರಲ್ಲಿ, ಐವತ್ತೇಳರ ವಯಸ್ಸಿನಲ್ಲಿ. ಪುಸ್ತಕ ಅಚ್ಚು ಹಾಕಿಸುವುದು, ಮಾರುವುದು, ಕೂಟಗಳ ಏರ್ಪಾಡು ಎಲ್ಲವನ್ನೂ ಅವನು ವಹಿಸಿಕೊಂಡ ಬಗ್ಗೆ ಅವಳ ಬರವಣಿಗೆಯಲ್ಲಿ ಕೃತಜ್ಞತೆಯಿದೆ. ಸಂಚಾರಿ ದಂಪತಿಗಳಲ್ಲಿ ‘ಹೆಂಡತಿ’ಯ ಕೆಲಸ ಏನೇನಿತ್ತೆಂದು ತಿಳಿಯಬೇಕಾದರೆ ಸ್ಯಾಮ್ಯುಯೆಲ್ ಎಟರ್‌ನನ್ನು ನೋಡಿದರೆ ಸಾಕು. ಗಂಡಸು ಮಾಡಿದಾಗ ಅದು ಕೆಲಸವೆಂದು ಕಣ್ಣಿಗೆ ಬೀಳುತ್ತದೆ.

1912ರ ಜುಲೈ ಕೊನೆಯಿಂದ ಡಿಸೆಂಬರ್‌ವರೆಗೆ ಡಲ್ಲಾಸಿನ ಕೂಟ ನಡೆಯಿತು. ಅರುವತ್ತೆಂಟರ ಮುದುಕಿ, ಬಿಳಿ ಉಡುಪು, ದಿನಾ ರಾತ್ರಿ. ವೇದಿಕೆಯ ಮೇಲೆ ಕೈಯೆತ್ತಿ ಹಾಗೇ ಗೊಂಬೆಯಂತೆ ಸ್ತಬ್ಧಳಾಗಿ ನಿಂತುಬಿಡುವುದಕ್ಕೆ ಅವಳು ಮೊದಲಿನಿಂದಲೂ ಹೆಸರುವಾಸಿ. ಬಾಸ್‌ವರ್ತ್ ಪತ್ರಿಕೆಗಳಿಗೆ ವರದಿ ಕಳಿಸಿದಂತೆಲ್ಲ ದೂರದೂರದಿಂದ ರೋಗಿಗಳು ರೈಲು ಹತ್ತಿದರು. ಎರಡು ವರ್ಷಕ್ಕೆ, 1914ರ ಆಗಸ್ಟಿನಲ್ಲಿ, ಸ್ಯಾಮ್ಯುಯೆಲ್ ಸತ್ತ. ಸ್ವಸ್ಥತೆಯ ಬೋಧಕಿಯ ಗಂಡ ಕಾಯಿಲೆಯಿಂದ ಸತ್ತನಲ್ಲ ಎಂದು ಆಡಿಕೊಂಡವರು ಇದ್ದೇ ಇರುತ್ತಾರೆ. ಅವಳು ಮುಂದಿನ ಊರಿಗೆ ಹೊರಟಳು. 1918ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಕಟ್ಟಡ ಕಟ್ಟಿ ಕೂರುವವರೆಗೆ ಅವಳ ಓಡಾಟ ನಿಲ್ಲಲಿಲ್ಲ.

ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು ಬೇಗ ದಾಟುತ್ತೇನೆ. ರೈಲಿನ ಜಾಗಕ್ಕೆ ಕಾರು ಬಂತು, ಕಾರಿನ ಹಿಂದೆ ಎಳೆಯುವ ಟ್ರೇಲರ್ ಮನೆ ಬಂತು. ಈ ಟ್ರೇಲರ್ ಹೆಂಗಸರಿಗೆ ಕೊಟ್ಟದ್ದೂ ಕಿತ್ತುಕೊಂಡದ್ದೂ ಎರಡೂ ಇದೆ. ಒಲೆ ತನ್ನದು, ಹಾಸಿಗೆ ತನ್ನದು, ಊರವರ ಮನೆಯ ಹಿಂದಿನ ಕೋಣೆಯಲ್ಲಿ ಮುಜುಗರದಿಂದ ಇರಬೇಕಾದ್ದಿಲ್ಲ. ಆದರೆ ಊರವರ ಮನೆಯ ಹೆಂಗಸರ ಸಂಗವೂ ತಪ್ಪಿತು. ಗುಡಾರದ ಹಿಂದಿನ ಬಯಲಿನಲ್ಲಿ ನಿಂತ ತಗಡಿನ ಡಬ್ಬಿಯೊಳಗೆ ಮಕ್ಕಳು, ಪಾಠಪುಸ್ತಕ, ಒಣಗದ ಬಟ್ಟೆ. ಸಂಜೆ ಅದೇ ಹೆಂಗಸು ಇಸ್ತ್ರಿ ಮಾಡಿದ ಉಡುಪು ತೊಟ್ಟು ಪಿಯಾನೋ ಮುಂದೆ ಕೂರಬೇಕು. ನಮ್ಮೂರುಗಳಲ್ಲಿ ‘ಪಾಸ್ಟರಮ್ಮ’ ಎಂದು ಜನ ಕರೆಯುವ ಹೆಂಗಸಿನ ಮೇಲೆ ಇರುವ ಹೊಣೆಯೇ ಇದು; ಅಲ್ಲಿ ಅದಕ್ಕೆ ಚಕ್ರ ಹಾಕಿದ್ದರು.

1925ರ ಆಸುಪಾಸಿನಲ್ಲಿ ಆರೆಗಾನಿನ ಪೋರ್ಟ್‌ಲ್ಯಾಂಡಿನಲ್ಲಿ ಮುದಿ ಪಾರ್ಹಮ್‌ನ ಕೂಟದಲ್ಲಿ ಹದಿನೆಂಟರ ಹುಡುಗನೊಬ್ಬ ಮನಸ್ಸು ತಿರುಗಿಸಿಕೊಂಡ. ಹೆಸರು ಗಾರ್ಡನ್ ಲಿಂಡ್ಸೆ, ಮುಂದೆ ಡಲ್ಲಾಸಿಗೆ ಬರಲಿದ್ದವನು. 1932ರಲ್ಲಿ ಅದೇ ಊರಿನಲ್ಲಿ ಗಾರ್ಡನ್‌ನ ಕೂಟದಲ್ಲಿ ಫ್ರೀಡಾ ಶಿಂಫ್ ಎಂಬ ಹುಡುಗಿ ಮುಂದೆ ಬಂದಳು. ಕೆನಡ ಮೂಲದ ಜರ್ಮನ್ ರೈತರ ಮಗಳು. 1937ರ ನವೆಂಬರಿನಲ್ಲಿ ಅವರಿಗೆ ಮದುವೆಯಾಯಿತು. ಹತ್ತು ವರ್ಷ ಊರೂರು ಸುತ್ತಿ, ನಡುವೆ ಸಣ್ಣ ಸಭೆಗಳನ್ನು ನೋಡಿಕೊಂಡು, 1947ರಲ್ಲಿ ಗಾರ್ಡನ್ ವಿಲಿಯಂ ಬ್ರಾನ್‌ಹಮ್ ಎಂಬ ಸ್ವಸ್ಥತೆಯ ಬೋಧಕನಿಗೆ ವ್ಯವಸ್ಥಾಪಕನಂತೆ ಸೇರಿಕೊಂಡ. 1948ರ ಏಪ್ರಿಲಿನಲ್ಲಿ ‘ವಾಯ್ಸ್ ಆಫ್ ಹೀಲಿಂಗ್’ ಮಾಸಪತ್ರಿಕೆ ಶುರುವಾಯಿತು. ಮೊದಲು ಬ್ರಾನ್‌ಹಮ್‌ಗಾಗಿ, ಆಮೇಲೆ ಗುಡಾರ ಹೊತ್ತು ತಿರುಗುವ ಎಲ್ಲರಿಗಾಗಿ: ಯಾರು ಯಾವ ಊರಿನಲ್ಲಿ ಯಾವ ತಾರೀಕು ಎಂಬ ಪಟ್ಟಿಯೇ ಅದರ ಜೀವಾಳ. 1949ರ ಡಿಸೆಂಬರಿನಲ್ಲಿ ಆ ಬಳಗದ ಸಮ್ಮೇಳನ ಡಲ್ಲಾಸಿನಲ್ಲಿ ಸೇರಿತು. ಮರುತಿಂಗಳು ಹ್ಯೂಸ್ಟನ್ನಿನ ಸ್ಯಾಮ್ ಹ್ಯೂಸ್ಟನ್ ಕೊಲಿಸಿಯಂನಲ್ಲಿ ಬ್ರಾನ್‌ಹಮ್‌ನ ಪರವಾಗಿ ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬನೊಡನೆ ವಾದಕ್ಕೆ ನಿಂತವನು ಎಪ್ಪತ್ತಮೂರರ ಬಾಸ್‌ವರ್ತ್. 1952ರಲ್ಲಿ ಲಿಂಡ್ಸೆ ಸಂಸಾರ ಡಲ್ಲಾಸಿಗೆ ಬಂದು ನಿಂತಿತು.

ಆ ಹೊತ್ತಿಗೆ ಡಲ್ಲಾಸ್ ಗುಡಾರದವರ ತವರಾಗಿತ್ತು. ಜ್ಯಾಕ್ ಕೋ, ಹೆಂಡತಿ ವನೀಟಾ ಇದ್ದದ್ದು ಅಲ್ಲೇ. ಅನಾಥಾಲಯದಲ್ಲಿ ಬೆಳೆದ ಈ ಭಾರೀ ಆಳು 1950ರಲ್ಲಿ ಟಲ್ಸಾಕ್ಕೆ ಹೋಗಿ ಓರಲ್ ರಾಬರ್ಟ್ಸ್ ಎಂಬ ಇನ್ನೊಬ್ಬ ಬೋಧಕನ ಗುಡಾರದ ಅಳತೆ ತೆಗೆದುಕೊಂಡು ಬಂದು, ತನಗೆ ಅದಕ್ಕಿಂತ ಸ್ವಲ್ಪ ದೊಡ್ಡದು ಬೇಕೆಂದು ಆರ್ಡರ್ ಕೊಟ್ಟ. ಜಗತ್ತಿಗೇ ದೊಡ್ಡದೆಂದು ತನ್ನ ಪತ್ರಿಕೆಯಲ್ಲಿ ಸಾರಿಕೊಂಡ. ಡಲ್ಲಾಸಿನ ದಕ್ಷಿಣಕ್ಕೆ ವ್ಯಾಕ್ಸಹ್ಯಾಚಿಯಲ್ಲಿ ಮಕ್ಕಳ ಮನೆಯನ್ನೂ ಕಟ್ಟಿದ. 1956ರ ಫೆಬ್ರವರಿಯಲ್ಲಿ ಮಯಾಮಿಯಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯಕೀಯ ನಡೆಸಿದನೆಂದು ಅವನನ್ನು ಹಿಡಿದರು, ಕೋರ್ಟು ಬಿಟ್ಟಿತು. ಅದೇ ಡಿಸೆಂಬರಿನಲ್ಲಿ ಪೋಲಿಯೋ ಹಿಡಿಯಿತು. ಔಷಧಿಯ ವಿರುದ್ಧ ಗುಡುಗಿದ್ದವನನ್ನು ಆಸ್ಪತ್ರೆಗೆ ಸೇರಿಸಿದ್ದು ವನೀಟಾ. ಅವಳನ್ನು ಆಗ ಆಡಿಕೊಂಡವರಿಗೆ ಅವಳ ಜಾಗದಲ್ಲಿ ನಿಲ್ಲುವ ಪ್ರಸಂಗ ಬಂದಿರಲಾರದು. ಅವನು 38ರ ಪ್ರಾಯದಲ್ಲಿ ಸತ್ತ. ಅವಳು ಸ್ವಲ್ಪ ಕಾಲ ಕೆಲಸ ಮುಂದುವರಿಸಿದಳು.

ಎ.ಎ. ಅಲೆನ್ ಎಂಬ ಇನ್ನೊಬ್ಬನ ಕಛೇರಿಯೂ ಡಲ್ಲಾಸಿನಲ್ಲಿತ್ತು. 1954ರಲ್ಲಿ ಹೆಂಡತಿ ಲೆಕ್ಸಿ ಅವನ ಜೀವನಚರಿತ್ರೆ ಬರೆದಳು, ನಂಬಿಕೆಯೂ ಶಕ್ತಿಯೂ ತುಂಬಿದ ದೇವರ ಮನುಷ್ಯನೆಂದು. ಮರುವರ್ಷ ಅವನು ಟೆನೆಸಿಯಲ್ಲಿ ಕುಡಿದು ಕಾರು ಓಡಿಸಿದ ಕೇಸಿಗೆ ಸಿಕ್ಕ. 1960ರ ದಶಕದಲ್ಲಿ ಇಬ್ಬರೂ ಬೇರೆಯಾದರು; 1970ರಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ಹೆಣವಾಗಿ ಸಿಕ್ಕ. ಕುಡಿತ ಯಕೃತ್ತನ್ನು ತಿಂದುಹಾಕಿತ್ತು. ಲೆಕ್ಸಿಯ ಪುಸ್ತಕವನ್ನು ಇವತ್ತು ಓದುವವರು ಸಾಲುಗಳ ನಡುವೆ ಏನೋ ಹುಡುಕುತ್ತಾರೆ. ಅವಳು ಬರೆದದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಗುಡಾರದ ಸಂಸಾರದಲ್ಲಿ ಹೆಂಡತಿಯ ಬರವಣಿಗೆಯೂ ಒಂದು ದುಡಿಮೆ: ಪುಸ್ತಕ ಮಾರಾಟವಾದರೆ ಲಾರಿಗೆ ಪೆಟ್ರೋಲು.

ಗುಡಾರಗಳ ಕಾಲ 1950ರ ದಶಕ ಮುಗಿಯುವ ಹೊತ್ತಿಗೆ ಇಳಿಯಿತು. ಬೋಧಕರು ಹೆಚ್ಚಾದರು, ಊರುಗಳು ದಣಿದವು, ಮನೆಮನೆಗೆ ಟೆಲಿವಿಷನ್ ಬಂತು. ಗಾರ್ಡನ್ ಲಿಂಡ್ಸೆ ಇದನ್ನು ಬೇಗ ಅರ್ಥಮಾಡಿಕೊಂಡವನು. ಹಣವನ್ನು ಹೊರದೇಶಗಳಲ್ಲಿ ಸಣ್ಣ ಸಣ್ಣ ಸಭಾಮಂದಿರ ಕಟ್ಟುವುದಕ್ಕೆ ತಿರುಗಿಸಿದ, 1967ರಲ್ಲಿ ಪತ್ರಿಕೆಯ ಹೆಸರು ‘ಕ್ರೈಸ್ಟ್ ಫಾರ್ ದ ನೇಷನ್ಸ್’ ಎಂದು ಬದಲಿಸಿದ, 1970ರಲ್ಲಿ ಡಲ್ಲಾಸಿನಲ್ಲಿ ಅದೇ ಹೆಸರಿನ ಬೈಬಲ್ ಶಾಲೆ ತೆರೆದ. ಸುಮಾರು ಐವತ್ತು ವಿದ್ಯಾರ್ಥಿಗಳು.

1973ರ ಏಪ್ರಿಲ್ 1, ಭಾನುವಾರ. ಶಾಲೆಯ ಸಭೆಯಲ್ಲಿ ಹಾಡು ನಡೆಯುತ್ತಿದ್ದಾಗ ವೇದಿಕೆಯ ಮೇಲೆ ಕುಳಿತಿದ್ದ ಗಾರ್ಡನ್ ಕುರ್ಚಿಯಲ್ಲೇ ಪ್ರಾಣ ಬಿಟ್ಟ. ಮರುದಿನ ಆಡಳಿತ ಮಂಡಳಿ ಸೇರಿ ಫ್ರೀಡಾಳನ್ನು ಅವನ ಜಾಗಕ್ಕೆ ಆರಿಸಿತು. ವಯಸ್ಸು ಐವತ್ತೆಂಟು. ಮೂವತ್ತೈದು ವರ್ಷ ಗಂಡನ ಪಕ್ಕದಲ್ಲಿ ಊರೂರು ಸುತ್ತಿ, ಪತ್ರಿಕೆ, ಲೆಕ್ಕ, ಟಪಾಲು ನೋಡಿಕೊಂಡ ಹೆಂಗಸಿಗೆ ಹೊಸದಾಗಿ ಕಲಿಯಬೇಕಾದದ್ದು ಬಹಳವಿರಲಿಲ್ಲ. ಅವಳ ಕೈಯಲ್ಲಿ ಶಾಲೆ ಬೆಳೆಯಿತು. ವಸತಿಗೃಹಗಳು ಎದ್ದವು, ದೇಶದೇಶದ ವಿದ್ಯಾರ್ಥಿಗಳು ಬಂದರು. 1976ರಲ್ಲಿ ತನ್ನ ದಿನಚರಿಯ ಗುಟ್ಟುಗಳೆಂಬ ಹೆಸರಿನಲ್ಲಿ ಪುಸ್ತಕ ಬರೆದಳು. ಸಾರಾ, ಎಥೆಲ್, ಲೆಕ್ಸಿ ಮೂವರೂ ಮುಖಪುಟಕ್ಕೆ ಗಂಡನನ್ನು ಕೂರಿಸಿದ್ದರು. ಫ್ರೀಡಾ ತನ್ನ ಕತೆಯನ್ನೇ ಹೇಳಿದಳು, ಅದರೊಳಗೆ ಗಾರ್ಡನ್‌ಗೆ ಜಾಗ ಕೊಟ್ಟಳು. 1980ರ ದಶಕದಲ್ಲಿ ಶಾಲೆಯ ಅಧ್ಯಕ್ಷತೆಯನ್ನು ಮಗ ಡೆನಿಸ್‌ಗೆ ಬಿಟ್ಟುಕೊಟ್ಟ ಮೇಲೂ ಅವಳ ಓಡಾಟ ನಿಲ್ಲಲಿಲ್ಲ. 2010ರ ಮಾರ್ಚಿನಲ್ಲಿ, 95ರ ವಯಸ್ಸಿನಲ್ಲಿ, ತೀರಿಕೊಂಡಳು. ಗಂಡ ನಡೆಸಿದ್ದು ಮೂರು ವರ್ಷದ ಶಾಲೆ. ಅದು ಸಂಸ್ಥೆಯಾದದ್ದು ಅವಳ ಕಾಲದಲ್ಲಿ.